ಶಾಖ ಪಂಪುಗಳಲ್ಲಿ ಶೀತಕದ ದೋಷ ಪತ್ತೆ

ಶಾಖ ಪಂಪು ಎಂಬುದು ತಂಪಾದ ಸ್ಥಳದಿಂದ ಬಿಸಿಯಾದ ಸ್ಥಳಕ್ಕೆ ಶಾಖವನ್ನು ಸಾಗಿಸುವ ಯಂತ್ರ. ಅದರ ಕೊಳವೆಗಳಲ್ಲಿ ಸುತ್ತುವ ಶೀತಕವು ಒಂದೆಡೆ ಆವಿಯಾಗಿ ಶಾಖವನ್ನು ಹೀರಿ, ಇನ್ನೊಂದೆಡೆ ದ್ರವವಾಗಿ ಅದನ್ನು ಹೊರಹಾಕುತ್ತದೆ. ಹುಬ್ಬಳ್ಳಿ-ಧಾರವಾಡದ ಮನೆ, ಅಂಗಡಿಗಳಲ್ಲಿ ಇದೇ ತತ್ತ್ವದ ಏ.ಸಿ. ಮತ್ತು ಫ್ರಿಜ್‌ಗಳು ಬಳಕೆಯಲ್ಲಿವೆ. ಶೀತಕವನ್ನು ಜನರು ‘ಗ್ಯಾಸ್’ ಎನ್ನುತ್ತಾರೆ. ಶೀತಕವು ಇಂಧನದಂತೆ ಖರ್ಚಾಗುವುದಿಲ್ಲ. ಅದು ಕಡಿಮೆಯಾಗಿದ್ದರೆ ಸೋರಿಕೆಯಾಗಿದೆ, ಇಲ್ಲವೇ ಮೊದಲೇ ಕಡಿಮೆ ತುಂಬಲಾಗಿದೆ ಎಂದರ್ಥ.

ಲಕ್ಷಣಗಳು

ತಂಪು ಕುಗ್ಗುವುದು, ಒಳಘಟಕದ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುವುದು, ಯಂತ್ರವು ಬಿಡುವಿಲ್ಲದೆ ಓಡಿ ವಿದ್ಯುತ್ ಬಿಲ್ಲು ಏರುವುದು ಶೀತಕದ ಕೊರತೆಯ ಸಾಮಾನ್ಯ ಲಕ್ಷಣಗಳು. ಧೂಳು ತುಂಬಿದ ಫಿಲ್ಟರಿನಿಂದಲೂ ಇವೇ ಲಕ್ಷಣಗಳು ಕಾಣಿಸುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಧೂಳು ಹೆಚ್ಚಿರುವ ಊರುಗಳಲ್ಲಿ ಮೊದಲು ಫಿಲ್ಟರು, ಸುರುಳಿ ಮತ್ತು ಫ್ಯಾನುಗಳನ್ನು ಶುಚಿಗೊಳಿಸಿ ಪರೀಕ್ಷಿಸಬೇಕು.

ಅಳತೆ

ಒತ್ತಡ ಮಾತ್ರ ನೋಡಿ ನಿರ್ಣಯಿಸಲಾಗದು. ಕೊಳವೆಯ ಉಷ್ಣತೆಯನ್ನೂ ಅಳೆಯಬೇಕು. ಉದಾಹರಣೆಗೆ, ಆರ್-22 ಶೀತಕವು ಮಾಪಕದಲ್ಲಿ ಸುಮಾರು 70 ಪಿ.ಎಸ್.ಐ. ತೋರಿದಾಗ 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಕಂಪ್ರೆಸರಿಗೆ ಮರಳುವ ಕೊಳವೆ 12 ಡಿಗ್ರಿ ಇದ್ದರೆ, 7 ಡಿಗ್ರಿಯ ಈ ವ್ಯತ್ಯಾಸಕ್ಕೆ ಸೂಪರ್‌ಹೀಟ್ ಎಂದು ಹೆಸರು. ದ್ರವವಾದ ಶೀತಕವು ಮುಂದೆ ಇನ್ನಷ್ಟು ತಣಿಯುವ ಪ್ರಮಾಣಕ್ಕೆ ಸಬ್‌ಕೂಲಿಂಗ್ ಎನ್ನುತ್ತಾರೆ.

- ಶೀತಕದ ಕೊರತೆ: ಹೀರುವ ಬದಿಯ ಒತ್ತಡ ಕಡಿಮೆ, ಸೂಪರ್‌ಹೀಟ್ ಹೆಚ್ಚು, ಸಬ್‌ಕೂಲಿಂಗ್ ಕಡಿಮೆ.
- ಅತಿಯಾದ ಶೀತಕ: ಹೊರದೂಡುವ ಬದಿಯ ಒತ್ತಡ ಹೆಚ್ಚು, ಸಬ್‌ಕೂಲಿಂಗ್ ಹೆಚ್ಚು.
- ಒಳಘಟಕದಲ್ಲಿ ಗಾಳಿಯ ಕೊರತೆ: ಹೀರುವ ಒತ್ತಡ ಕಡಿಮೆ, ಸೂಪರ್‌ಹೀಟ್ ಕೂಡ ಕಡಿಮೆ.
- ಕೊಳವೆಯಲ್ಲಿ ಅಡಚಣೆ: ಹೀರುವ ಒತ್ತಡ ಕಡಿಮೆ, ಸೂಪರ್‌ಹೀಟ್ ಹೆಚ್ಚು, ಆದರೆ ಸಬ್‌ಕೂಲಿಂಗ್ ಕುಗ್ಗುವುದಿಲ್ಲ.

ದುರಸ್ತಿ

ಸೋರಿಕೆಯ ಜಾಗದಲ್ಲಿ ಹಲವೊಮ್ಮೆ ಎಣ್ಣೆಯ ಕಲೆ ಇರುತ್ತದೆ. ಕೀಲುಗಳಿಗೆ ಸಾಬೂನಿನ ನೊರೆ ಹಚ್ಚಿದರೆ ಗುಳ್ಳೆಗಳು ಏಳುತ್ತವೆ. ಒತ್ತಡದ ಪರೀಕ್ಷೆಗೆ ಒಣ ನೈಟ್ರೋಜನ್ ಬಳಸಬೇಕು. ಆಮ್ಲಜನಕವು ಕಂಪ್ರೆಸರ್ ಎಣ್ಣೆಯೊಡನೆ ಸೇರಿ ಸ್ಫೋಟಿಸಬಲ್ಲದು. ಸೋರಿಕೆ ಮುಚ್ಚಿದ ಬಳಿಕ ನಿರ್ವಾತ ಪಂಪಿನಿಂದ ಗಾಳಿ ಮತ್ತು ತೇವವನ್ನು ತೆಗೆದು, ಯಂತ್ರದ ಫಲಕದಲ್ಲಿ ನಮೂದಿಸಿದ ಪ್ರಮಾಣದ ಶೀತಕವನ್ನು ತೂಗಿ ತುಂಬಲಾಗುತ್ತದೆ. ಸೋರಿಕೆಯನ್ನು ಮುಚ್ಚದೆ ಪ್ರತಿ ಬೇಸಿಗೆಯಲ್ಲಿ ಗ್ಯಾಸ್ ತುಂಬಿಸುವುದು ದುರಸ್ತಿಯಲ್ಲ. ಮತ್ತೆ ಶೀತಕ ಕಡಿಮೆಯಾದಂತೆ ಕಂಪ್ರೆಸರು ಕಾದು ಸುಟ್ಟುಹೋಗಬಹುದು.

ಸುರಕ್ಷತೆ ಮತ್ತು ಪರಿಸರ

ಆರ್-32 ಸ್ವಲ್ಪಮಟ್ಟಿಗೆ ದಹನಶೀಲ, ಆರ್-290 (ಪ್ರೊಪೇನ್) ತೀವ್ರ ದಹನಶೀಲ. ಇವುಗಳಿರುವ ಯಂತ್ರವನ್ನು ಬೆಂಕಿಯಿಂದ ದೂರದಲ್ಲಿ, ಗಾಳಿಯಾಡುವ ಜಾಗದಲ್ಲಿ ತರಬೇತಿ ಪಡೆದವರೇ ತೆರೆಯಬೇಕು. ಆರ್-22 ಓಝೋನ್ ಪದರಕ್ಕೆ ಹಾನಿಕರವಾದ್ದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ವ್ಯವಸ್ಥೆಯಡಿ ಅದನ್ನು ಹಂತಹಂತವಾಗಿ ಕೈಬಿಡಲಾಗುತ್ತಿದೆ. ಆರ್-32 ಓಝೋನನ್ನು ಕೆಡಿಸದಿದ್ದರೂ, ನೂರು ವರ್ಷಗಳ ಲೆಕ್ಕದಲ್ಲಿ ಅದರ ಭೂತಾಪನ ಸಾಮರ್ಥ್ಯ ಇಂಗಾಲದ ಡೈಆಕ್ಸೈಡಿನ ಸುಮಾರು 675 ಪಟ್ಟು. ಇಂತಹ ಶೀತಕಗಳ ಬಳಕೆಯನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅನುಮೋದಿಸಿತು.