ಆಂಗ್ಲ ಸಂಭಾಷಣ ಪುಸ್ತಕಗಳ ಪೂರ್ವಕಥೆ

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರಿಗೆ ಒಂದು ಅಭಿಮಾನವುಂಟು. ಯಾವ ಭಾಷೆಯೇ ಆಗಲಿ, ಅದರ ವ್ಯಾಕರಣವು ಕೈವಶವಾದರೆ ಭಾಷೆಯೇ ಕೈವಶವಾದಂತೆಂದು ಅವರು ನಂಬುತ್ತಾರೆ. ಶಬ್ದರೂಪಾವಳಿ, ಧಾತುರೂಪಾವಳಿ, ಅಮರಕೋಶಗಳನ್ನು ಬಾಯಿಪಾಠ ಮಾಡಿ ಬೆಳೆದ ನನಗೂ ಆ ಅಭಿಮಾನವಿದ್ದಿತು. ಮುಂದೆ ಪ್ರೌಢಶಾಲೆಯ ಉಪಾಧ್ಯಾಯನಾಗಿ ಸಂಸ್ಕೃತದೊಡನೆ ಇಂಗ್ಲಿಷನ್ನೂ ಕಲಿಸಬೇಕಾಗಿ ಬಂದಾಗ ನಾನು ಅದೇ ದಾರಿಯನ್ನು ಹಿಡಿದೆನು. ನನ್ನ ವಿದ್ಯಾರ್ಥಿಗಳು ಕರ್ತರಿಪ್ರಯೋಗವನ್ನು ಕರ್ಮಣಿಗೆ ತಿರುಗಿಸುವುದರಲ್ಲಿ ಎಂದೂ ತಪ್ಪುತ್ತಿರಲಿಲ್ಲ. ಪರೀಕ್ಷೆಗಳಲ್ಲಿ ಒಳ್ಳೆಯ ಅಂಕಗಳನ್ನೇ ಪಡೆಯುತ್ತಿದ್ದರು. ನನಗೂ ತೃಪ್ತಿಯಿದ್ದಿತು.

ಅಂಥವರಲ್ಲಿ ಒಬ್ಬನು ಪದವಿ ಮುಗಿಸಿ ಪರಸ್ಥಳದ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದನು. ಕೆಲವು ತಿಂಗಳಲ್ಲಿ ಅವನ ತಾಯಿಗೆ ಕಾಯಿಲೆಯಾಗಿ ರಜ ಕೇಳಬೇಕಾಯಿತು. ಮೇಲಧಿಕಾರಿಗೆ ಕನ್ನಡ ಬಾರದು. ಹುಡುಗನು ‘ನನಗೆ ಎರಡು ದಿನ ರಜ ಕೊಡಿ’ ಎಂಬ ಕನ್ನಡ ಮಾತನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿ ಹೇಳಿದನು. ವಾಕ್ಯದಲ್ಲಿ ವ್ಯಾಕರಣದೋಷವೇನೂ ಇರಲಿಲ್ಲ. ಆದರೆ ಅಧಿಕಾರಿಯ ಕಿವಿಗೆ ಅದು ಅಪ್ಪಣೆಯಂತೆ ಕೇಳಿಸಿತು. ರಜ ದೊರೆಯಲಿಲ್ಲ, ಉದ್ಧಟನೆಂಬ ಹೆಸರು ಮಾತ್ರ ಬಂದಿತು. ಮುಂದೆ ಊರಿಗೆ ಬಂದಾಗ ಅವನು ನಮ್ಮ ಮನೆಯ ಜಗಲಿಯಲ್ಲಿ ಕುಳಿತು, “ಮೇಷ್ಟ್ರೇ, ನೀವು ಹೇಳಿಕೊಟ್ಟ ವ್ಯಾಕರಣವೆಲ್ಲ ನೆನಪಿದೆ. ಆದರೆ ಕೇಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ” ಎಂದನು. ಅವನು ದೂರಿಗಾಗಿ ಆಡಿದ ಮಾತಲ್ಲವಾದುದರಿಂದಲೇ ಅದು ನನ್ನ ಮನಸ್ಸಿನಲ್ಲಿ ನಾಟಿ ನಿಂತಿತು.

ನಿವೃತ್ತನಾದ ಮೇಲೆ ಬಿಡುವು ದೊರೆತು, ದಿನಬಳಕೆಯ ಇಂಗ್ಲಿಷ್ ಮಾತುಗಳನ್ನು ಕಲಿಸುವ ಪುಸ್ತಕಗಳು ಮೊದಲಿಗೆ ಯಾರಿಂದ, ಯಾರಿಗಾಗಿ ರಚಿತವಾದವೆಂದು ಹುಡುಕತೊಡಗಿದೆನು. ಅಲ್ಲಿ ಕಂಡ ಚರಿತ್ರೆಯು ನನ್ನ ಅಭಿಮಾನವನ್ನು ಸ್ವಲ್ಪ ತಗ್ಗಿಸಿತು. ವಾಚಕರೊಡನೆ ಅದನ್ನು ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಇಂದು ಭೂಮಂಡಲವನ್ನೆಲ್ಲ ವ್ಯಾಪಿಸಿರುವ ಇಂಗ್ಲಿಷು ಒಂದು ಕಾಲದಲ್ಲಿ ತನ್ನ ತವರಿನಲ್ಲಿಯೇ ಗೌರವವಿಲ್ಲದ ಭಾಷೆಯಾಗಿದ್ದಿತು. ಕ್ರಿ. ಶ. ೧೦೬೬ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚ್ ಮಾತು ನೆಲೆಯೂರಿತು. ವಿದ್ವಾಂಸರಿಗೆ ಲ್ಯಾಟಿನ್ ಇದ್ದಿತು. ಇಂಗ್ಲಿಷು ಉಳುವವರ, ದುಡಿಯುವವರ ಬಾಯಲ್ಲಿ ಉಳಿಯಿತು. ನ್ಯಾಯಸ್ಥಾನದ ವಾದಗಳು ಜನರಿಗೆ ತಿಳಿಯುವಂತೆ ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಶಾಸನವಾದದ್ದು ೧೩೬೨ರಲ್ಲಿ. ಅದಾದ ಮೇಲೆಯೂ, ೧೩೯೬ರಲ್ಲಿ, ಇಂಗ್ಲಿಷರಿಗೆ ಫ್ರೆಂಚ್ ಸಂಭಾಷಣೆಯನ್ನು ಕಲಿಸುವ ಪುಸ್ತಕವು ಇಂಗ್ಲೆಂಡಿನಲ್ಲಿಯೇ ರಚಿತವಾಯಿತು. ಇಂಗ್ಲೆಂಡಿಗೆ ಅಚ್ಚಿನ ಮೊಳೆಗಳನ್ನು ತಂದ ಕ್ಯಾಕ್ಸ್ಟನ್ನನು ೧೪೮೦ರ ಸುಮಾರಿನಲ್ಲಿ ಫ್ರೆಂಚ್–ಇಂಗ್ಲಿಷ್ ಸಂಭಾಷಣೆಗಳ ಒಂದು ಪುಸ್ತಕವನ್ನು ಮುದ್ರಿಸಿದನು. ಬ್ರೂಜ್ ಪಟ್ಟಣದ ವರ್ತಕರಿಗಾಗಿ ಹಿಂದೆ ಹುಟ್ಟಿದ್ದ ಹೊತ್ತಗೆಯೊಂದು ಅದಕ್ಕೆ ಮೂಲ. ಇಂಗ್ಲಿಷನ್ನು ಕಲಿಯುವುದಕ್ಕಾಗಿಯೇ ಪುಸ್ತಕ ಬೇಕೆಂದು ಅಂದಿನ ಯೂರೋಪಿನಲ್ಲಿ ಯಾರಿಗೂ ಅಷ್ಟಾಗಿ ತೋರಲಿಲ್ಲ. ನಿರಾಶ್ರಿತನೊಬ್ಬನ ಮಗನಾಗಿ ಲಂಡನ್ನಿನಲ್ಲಿ ಹುಟ್ಟಿದ ಜಾನ್ ಫ್ಲೋರಿಯೋ ಎಂಬ ಪಂಡಿತನು ೧೫೭೮ರಲ್ಲಿ ಇಟಾಲಿಯನ್ ಕಲಿಸುವ ಸಂಭಾಷಣೆಗಳನ್ನು ಪ್ರಕಟಿಸಿದನು. ಅದರ ಪಾತ್ರವೊಂದು, ಈ ಭಾಷೆಯು ಇಂಗ್ಲೆಂಡಿನೊಳಗೆ ಉಪಯೋಗಕ್ಕೆ ಬಂದೀತು, ಡೋವರ್ ರೇವನ್ನು ದಾಟಿದರೆ ಇದಕ್ಕೆ ಕಾಸಿನ ಬೆಲೆಯಿಲ್ಲ ಎಂಬ ಅಭಿಪ್ರಾಯವನ್ನು ಹೇಳುತ್ತದೆ!

ಹಾಗಾದರೆ ಇಂಗ್ಲಿಷ್ ಕಲಿಯುವ ಅಗತ್ಯ ಮೊದಲು ಯಾರಿಗೆ ಬಂದಿತು? ಮನೆಮಠಗಳನ್ನು ಕಳೆದುಕೊಂಡವರಿಗೆ. ೧೫೬೭ರಲ್ಲಿ ಸ್ಪೇನಿನ ಅರಸನ ಸೇನಾಧಿಪತಿಯಾದ ಆಲ್ವಾ ಪ್ರಭುವು ನೆದರ್ಲೆಂಡ್ಸ್ ಸೀಮೆಗೆ ಬಂದು ಪ್ರಾಟೆಸ್ಟಂಟರನ್ನು ಕ್ರೂರವಾಗಿ ದಂಡಿಸತೊಡಗಿದನು. ೧೫೭೨ರ ಆಗಸ್ಟ್ ೨೪ರಂದು ಪ್ಯಾರಿಸ್ಸಿನಲ್ಲಿ ಆರಂಭವಾದ ಹತ್ಯಾಕಾಂಡದಲ್ಲಿ ಸಾವಿರಾರು ಮಂದಿ ಫ್ರೆಂಚ್ ಪ್ರಾಟೆಸ್ಟಂಟರು ಹತರಾದರು. ಉಳಿದವರಲ್ಲಿ ಅನೇಕರು ಹೆಂಡಿರು ಮಕ್ಕಳೊಡನೆ ಕಡಲು ದಾಟಿ ಇಂಗ್ಲೆಂಡಿಗೆ ಬಂದರು. ಅವರಲ್ಲಿ ನೇಯ್ಗೆಯವರಿದ್ದರು, ಮುದ್ರಕರಿದ್ದರು, ಉಪಾಧ್ಯಾಯರಿದ್ದರು. ದೇವರ ಪ್ರಾರ್ಥನೆಗೆ ಲಂಡನ್ನಿನಲ್ಲಿ ಅವರದೇ ಆದ ಫ್ರೆಂಚ್ ದೇವಾಲಯವು ೧೫೫೦ರಿಂದಲೇ ಇದ್ದಿತು. ಆದರೆ ದೇವಾಲಯದ ಬಾಗಿಲಿನಿಂದ ಹೊರಕ್ಕೆ ಬಂದೊಡನೆ ಬೇಕಾಗುತ್ತಿದ್ದುದು ಇಂಗ್ಲಿಷು.

ಫ್ರಾನ್ಸಿನ ಕಾನ್ ಪಟ್ಟಣದಿಂದ ಬಂದ ಝಾಕ್ ಬೆಲೋ ಎಂಬ ಉಪಾಧ್ಯಾಯನು ಈ ಜನರ ಕಷ್ಟವನ್ನು ಕಣ್ಣಾರೆ ಕಂಡವನು. ೧೫೮೦ರಲ್ಲಿ ಅವನು ಇಂಗ್ಲಿಷಿನ ಅಕ್ಷರ, ಉಚ್ಚಾರಣೆ, ವ್ಯಾಕರಣಗಳನ್ನು ತಿಳಿಸುವ ಚಿಕ್ಕ ಪುಸ್ತಕವೊಂದನ್ನು ಪ್ರಕಟಿಸಿದನು. ಆರು ವರ್ಷಗಳ ಮೇಲೆ, ೧೫೮೬ರಲ್ಲಿ, ‘ಪರಿಚಿತ ಸಂಭಾಷಣೆಗಳು’ ಎಂಬರ್ಥದ ಹೆಸರಿನಿಂದ ಇನ್ನೊಂದನ್ನು ಹೊರತಂದನು. ಅದನ್ನು ಮುದ್ರಿಸಿದ ವೋತ್ರೋಲಿಯೆ ಎಂಬವನೂ ಹಾಗೆಯೇ ಫ್ರಾನ್ಸಿನಿಂದ ಬಂದ ನಿರಾಶ್ರಿತನು. ಮೊದಲು ವ್ಯಾಕರಣವನ್ನು ಬರೆದವನು ಆಮೇಲೆ ಸಂಭಾಷಣೆಗೆ ಏಕೆ ಇಳಿದನೆಂಬುದನ್ನು ಯಾವ ಉಪಾಧ್ಯಾಯನಾದರೂ ಊಹಿಸಬಲ್ಲನು. ಕೇವಲ ವ್ಯಾಕರಣದಿಂದ ಅಂಗಡಿಯಲ್ಲಿ ಮೀನು ದೊರೆಯುವುದಿಲ್ಲ.

ಈ ಎರಡನೆಯ ಪುಸ್ತಕದಲ್ಲಿ ರಾಜರಿಲ್ಲ, ನೀತಿಕಥೆಗಳಿಲ್ಲ. ಮುಂಜಾನೆ ಏಳುವುದು, ಮಕ್ಕಳನ್ನು ಪಾಠಶಾಲೆಗೆ ಹೊರಡಿಸುವುದು, ಬಟ್ಟೆಯಂಗಡಿಯಲ್ಲಿಯೂ ಮೀನಿನಂಗಡಿಯಲ್ಲಿಯೂ ಚೌಕಾಸಿ ಮಾಡುವುದು, ನೆಂಟರೊಡನೆ ಊಟಕ್ಕೆ ಕುಳಿತು ಮಾತನಾಡುವುದು, ಪ್ರಯಾಣ ಹೊರಡುವುದು, ಇವೇ ಅದರ ವಿಷಯಗಳು. ಪುಟದಲ್ಲಿ ಮೂರು ಸಾಲುಪಟ್ಟಿಗಳಿವೆ. ಒಂದರಲ್ಲಿ ಇಂಗ್ಲಿಷ್ ಮಾತು, ಇನ್ನೊಂದರಲ್ಲಿ ಅದರ ಫ್ರೆಂಚ್ ಅರ್ಥ, ಮೂರನೆಯದರಲ್ಲಿ ಅದೇ ಇಂಗ್ಲಿಷ್ ಮಾತನ್ನು ಫ್ರೆಂಚರು ಓದಿ ಉಚ್ಚರಿಸಲು ಅನುಕೂಲವಾಗುವ ಅಕ್ಷರವಿನ್ಯಾಸ. ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಉರುಹೊಡೆದ ನಮಗೆ ಈ ಉಪಾಯವು ಹೊಸತಾಗಿ ಕಾಣುವುದಿಲ್ಲ. ಅದರ ಅಗತ್ಯವೂ ಅಂದು ಹೆಚ್ಚಾಗಿದ್ದಿತು. ಇಂಗ್ಲಿಷಿನ ಸ್ವರಗಳು ಆ ಕಾಲದಲ್ಲಿ ಬೇಗಬೇಗನೆ ಮಾರ್ಪಡುತ್ತಿದ್ದವು. ಬರಹವು ಮಾತ್ರ ಅಚ್ಚಿನ ಬಲದಿಂದ ಹಿಂದಿನ ರೂಪದಲ್ಲಿಯೇ ಗಟ್ಟಿಯಾಗುತ್ತಿದ್ದಿತು. ಚೂರಿಗೆ ಹೆಸರಾದ ‘ನೈಫ್’ ಎಂಬ ಪದದ ಆದಿಯಲ್ಲಿ ಇಂದು ಬರೆದರೂ ಓದದೆ ಬಿಡುವ ‘ಕೆ’ ಅಕ್ಷರವು ಅಂದು ಬಾಯಿಯಲ್ಲಿ ಇನ್ನೂ ಉಳಿದಿದ್ದಿತು.

ಆಗಿನ ಇಂಗ್ಲಿಷಿನಲ್ಲಿ ನಮ್ಮ ‘ನೀನು’, ‘ನೀವು’ಗಳಂತೆ ‘ದೌ’, ‘ಯೂ’ ಎಂಬ ಎರಡು ಸರ್ವನಾಮಗಳಿದ್ದವು. ಮಕ್ಕಳು, ಸೇವಕರು, ಆಪ್ತರು ಇವರಿಗೆ ಮೊದಲನೆಯದು ಸಲ್ಲುತ್ತಿದ್ದಿತು. ಹಿರಿಯರಿಗೂ ಅಪರಿಚಿತರಿಗೂ ಎರಡನೆಯದು. ಕಾಲಕ್ರಮದಲ್ಲಿ ‘ದೌ’ ಎಂಬುದು ಸಾಮಾನ್ಯ ಬಳಕೆಯಿಂದ ಮರೆಯಾಗಿ, ಎಲ್ಲರಿಗೂ ‘ಯೂ’ ಒಂದೇ ಉಳಿಯಿತು. ಹಾಗೆಂದು ಇಂಗ್ಲಿಷಿನಲ್ಲಿ ಮರ್ಯಾದೆಯೇ ಇಲ್ಲವೆಂದು ನಮ್ಮಲ್ಲಿ ಹಲವರು ಹೇಳುವುದುಂಟು. ಅದು ಸರಿಯಲ್ಲ. ಆ ಭಾಷೆಯ ಮರ್ಯಾದೆಯು ಬೇರೆ ಮಾತುಗಳಲ್ಲಿ ಮನೆಮಾಡಿಕೊಂಡಿದೆ. ‘ಪ್ಲೀಸ್’ ಎಂಬುದು ‘ನಿಮಗೆ ಇಷ್ಟವಾದರೆ’ ಎಂಬ ವಾಕ್ಯಖಂಡದಿಂದ ಸವೆದು ಉಳಿದ ಶಬ್ದ. ‘ಗುಡ್ ಬೈ’ ಎಂಬುದು ‘ದೇವರು ನಿಮ್ಮೊಡನಿರಲಿ’ ಎಂಬ ಹರಕೆಯ ಸಂಕ್ಷೇಪ. ಅದು ರೂಪುಗೊಳ್ಳುತ್ತಿದ್ದುದು ಸುಮಾರು ಬೆಲೋನ ಕಾಲದಲ್ಲಿಯೇ. ‘ಕುಡ್’ ಎಂಬುದು ರೂಪದಲ್ಲಿ ಭೂತಕಾಲ. ಆದರೆ ವಿನಯದಿಂದ ಕೇಳುವಾಗ ಅಲ್ಲಿ ಭೂತಕಾಲದ ಅರ್ಥವಿಲ್ಲ. ಇದನ್ನು ನಾವು ವಿಚಿತ್ರವೆಂದು ಭಾವಿಸಬೇಕಾಗಿಲ್ಲ. ಹಿರಿಯರ ಮುಂದೆ ನಿಂತು ‘ತಮ್ಮಲ್ಲಿ ಒಂದು ವಿಷಯ ಕೇಳಬೇಕಾಗಿತ್ತು’ ಎನ್ನುವಾಗ ನಾವು ಮಾಡುವುದೂ ಇದನ್ನೇ. ಕೇಳಬೇಕಾದದ್ದು ಈಗ, ಕ್ರಿಯಾಪದವು ಮಾತ್ರ ಹಿಂದಕ್ಕೆ ಸರಿದು ತಲೆಬಾಗುತ್ತದೆ.

ನನ್ನ ವಿದ್ಯಾರ್ಥಿಯು ಎಡವಿದ್ದು ಇಲ್ಲಿಯೇ. ‘ಕೊಡಿ’ ಎಂಬ ಕನ್ನಡ ಪದದ ಕೊನೆಯ ಪ್ರತ್ಯಯದಲ್ಲಿ ಇರುವ ಗೌರವವು ಇಂಗ್ಲಿಷಿನ ಕ್ರಿಯಾಪದಕ್ಕೆ ಬರಲಾರದು. ಅದನ್ನು ಬೇರೆ ಮಾತುಗಳಿಂದ ತುಂಬಿಕೊಡಬೇಕು. ನಾನು ಕಲಿಸಿದ ಯಾವ ಸೂತ್ರದಲ್ಲಿಯೂ ಈ ವಿಷಯವಿರಲಿಲ್ಲ. ನಾವು ‘ಬರಿಯ ಉಪಚಾರದ ಮಾತು’ ಎಂದು ಪಕ್ಕಕ್ಕೆ ತಳ್ಳುವ ನುಡಿಗಟ್ಟುಗಳೇ ಆ ಭಾಷೆಯ ಗೌರವಪ್ರತ್ಯಯಗಳು.

ಬೆಲೋನ ಓದುಗರಿಗೆ ಇದು ಕೇವಲ ಶಿಷ್ಟಾಚಾರದ ಪ್ರಶ್ನೆಯಾಗಿರಲಿಲ್ಲ. ಲಂಡನ್ನಿನ ಜನರು ಪರದೇಶೀಯರನ್ನು ಸದಾ ಆದರಿಸಿದರೆಂದು ಹೇಳುವಂತಿಲ್ಲ. ೧೫೧೭ರ ಮೇ ತಿಂಗಳಿನಲ್ಲಿ ಅಲ್ಲಿ ಅವರ ಮೇಲೆ ದೊಡ್ಡ ದೊಂಬಿಯಾಗಿದ್ದಿತು. ೧೫೯೩ರಲ್ಲಿ, ಅನ್ನ ಕಸಿಯಲು ಬಂದವರೆಂದು ಅವರನ್ನು ದೂಷಿಸಿ ಕೊಲೆಯ ಬೆದರಿಕೆ ಹಾಕುವ ಪದ್ಯವೊಂದನ್ನು ಡಚ್ಚರ ದೇವಾಲಯದ ಗೋಡೆಗೆ ಅಂಟಿಸಿದ್ದರು. ಇಂಥ ನೆರೆಯಲ್ಲಿ ಬಾಳುವವನಿಗೆ ಬೆಳಗಿನಲ್ಲಿ ನೆರೆಮನೆಯವನನ್ನು ಅವನ ಮಾತಿನಲ್ಲಿಯೇ ಕುಶಲ ಕೇಳಬಲ್ಲೆನೆಂಬುದು ಒಂದು ರಕ್ಷೆ. ೧೬೮೫ರಲ್ಲಿ ಫ್ರಾನ್ಸಿನ ಅರಸನು ಪ್ರಾಟೆಸ್ಟಂಟರಿಗಿದ್ದ ಅಭಯಶಾಸನವನ್ನು ರದ್ದುಪಡಿಸಿದಾಗ ನಿರಾಶ್ರಿತರ ಇನ್ನೊಂದು ಪ್ರವಾಹವು ಇಂಗ್ಲೆಂಡಿಗೆ ಬಂದಿತು. ಅದೇ ವರ್ಷ ಗೀ ಮಿಯೇಝ್ ಎಂಬ ಸ್ವಿಸ್ ಪಂಡಿತನು ಫ್ರೆಂಚರಿಗೆ ಇಂಗ್ಲಿಷ್ ಕಲಿಸುವ ಹೊಸ ಪುಸ್ತಕವನ್ನು ಹೊರತಂದನು.

ಇಷ್ಟು ಉಪಕಾರಿಯಾದ ಮಾರ್ಗವು ಶಾಲೆಗಳಲ್ಲಿ ಏಕೆ ನೆಲೆಗೊಳ್ಳಲಿಲ್ಲ? ಯೂರೋಪಿನ ಶಾಲೆಗಳು ಲ್ಯಾಟಿನ್ನನ್ನು ಸೂತ್ರ, ರೂಪಾವಳಿ, ಭಾಷಾಂತರಗಳಿಂದ ಕಲಿಸುತ್ತಿದ್ದವು. ಜೀವಂತ ಭಾಷೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಶಾಲೆಯನ್ನು ಸೇರಿದಾಗ ಅವುಗಳಿಗೂ ಅದೇ ಗತಿಯಾಯಿತು. ಸಂಭಾಷಣೆಯು ಬೀದಿಯ ವಿದ್ಯೆಯೆನಿಸಿತು. ಅಂಥ ಪುಸ್ತಕಗಳಲ್ಲಿ ಕೆಲವು ನಗೆಗೀಡಾದದ್ದೂ ನಿಜ. ೧೮೫೫ರಲ್ಲಿ ಪೆದ್ರೋ ಕರೊಲಿನೊ ಎಂಬವನ ಕೈಯಿಂದ ಪೋರ್ಚುಗೀಸರಿಗೆ ಇಂಗ್ಲಿಷ್ ಕಲಿಸುವ ಪುಸ್ತಕವೊಂದು ಹೊರಬಿದ್ದಿತು. ಅವನಿಗೆ ಇಂಗ್ಲಿಷೇ ಬರುತ್ತಿರಲಿಲ್ಲವೆಂದೂ, ಫ್ರೆಂಚ್ ಪುಸ್ತಕವನ್ನೂ ನಿಘಂಟನ್ನೂ ಮುಂದಿಟ್ಟುಕೊಂಡು ಬರೆದನೆಂದೂ ವಿದ್ವಾಂಸರು ಊಹಿಸುತ್ತಾರೆ. ಬಾಗಿಲಲ್ಲಿ ಬಹಳ ಹೊತ್ತು ಕಾಯುವುದೆಂಬ ಅರ್ಥದ ಫ್ರೆಂಚ್ ನುಡಿಗಟ್ಟು ಅವನ ಇಂಗ್ಲಿಷಿನಲ್ಲಿ ಕೋತಿಮರಿಯೊಂದನ್ನು ಕಟಕಟನೆ ಅಗಿಯುವುದಾಗಿ ಪರಿಣಮಿಸಿತು! ಲೋಕವೆಲ್ಲ ನಕ್ಕಿತು. ಆದರೆ ಪದಕ್ಕೆ ಪದವಿಡುವ ಅಭ್ಯಾಸದ ಫಲವಲ್ಲವೇ ಅದು? ನನ್ನ ವಿದ್ಯಾರ್ಥಿಗೆ ನಾನು ಕಲಿಸಿದ್ದೂ ಆ ಅಭ್ಯಾಸವನ್ನೇ. ೧೮೮೨ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಫಿಯೆಟರನು ಭಾಷಾಬೋಧನೆಯು ದಾರಿ ಬದಲಿಸಬೇಕೆಂದು ಘೋಷಿಸಿ ಪುಸ್ತಿಕೆಯೊಂದನ್ನು ಬರೆದನು. ೧೮೯೯ರಲ್ಲಿ ಇಂಗ್ಲೆಂಡಿನ ಹೆನ್ರಿ ಸ್ವೀಟನು ಆಡುಮಾತೇ ಅಧ್ಯಯನಕ್ಕೆ ತಳಹದಿಯೆಂದು ಶಾಸ್ತ್ರೀಯವಾಗಿ ಪ್ರತಿಪಾದಿಸಿದನು. ನಿರಾಶ್ರಿತ ಉಪಾಧ್ಯಾಯರು ಕಂಡುಕೊಂಡಿದ್ದುದು ಮೂರು ಶತಮಾನಗಳ ಮೇಲೆ ಶಾಸ್ತ್ರವಾಯಿತು.

ನಮ್ಮ ದೇಶಕ್ಕೆ ಇಂಗ್ಲಿಷು ಬಂದ ಬಗೆ ಬೇರೆ. ಇಲ್ಲಿ ಸಂಭಾಷಣ ಪುಸ್ತಕಗಳು ಬಹುಮಟ್ಟಿಗೆ ಆಳುವವರ ಉಪಯೋಗಕ್ಕಾಗಿ ಹುಟ್ಟಿದವು. ೧೮೦೦ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಫೋರ್ಟ್ ವಿಲಿಯಂ ಕಾಲೇಜಿನ ಗಿಲ್‌ಕ್ರಿಸ್ಟನು ರಚಿಸಿದ ಹಿಂದೂಸ್ತಾನಿ ಸಂಭಾಷಣೆಗಳಲ್ಲಿ ದೊರೆಯು ಸೇವಕನಿಗೆ ಮಾಡುವ ಅಪ್ಪಣೆಗಳೇ ವಿಶೇಷವಾಗಿವೆ. ಭಾರತೀಯರಿಗೆ ಇಂಗ್ಲಿಷ್ ಕಲಿಸಲು ಬಂಗಾಳದಲ್ಲಿ ಜಾನ್ ಮಿಲ್ಲರನು ೧೭೯೭ರಷ್ಟು ಹಿಂದೆಯೇ ಪುಸ್ತಕ ಬರೆದಿದ್ದರೂ, ೧೮೩೫ರಲ್ಲಿ ಮೆಕಾಲೆಯ ಮಾತು ನಡೆದು, ೧೮೫೭ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದ ಮೇಲೆ ಇಂಗ್ಲಿಷು ಗ್ರಂಥದ ಮತ್ತು ಲಿಖಿತ ಪರೀಕ್ಷೆಯ ಭಾಷೆಯಾಗಿ ಬೇರೂರಿತು. ಒಬ್ಬರಿಗೆ ಅಪ್ಪಣೆ ಮಾಡುವ ಮಾತು, ಇನ್ನೊಬ್ಬರಿಗೆ ಪರೀಕ್ಷೆ ಬರೆಯುವ ಮಾತು. ಸರಿಸಮಾನರಾಗಿ ಕುಳಿತು ಆಡುವ ಮಾತಿಗೆ ಎರಡರಲ್ಲಿಯೂ ಸ್ಥಳ ಸಾಲದಾಯಿತು. ಸ್ವಾತಂತ್ರ್ಯ ಬಂದು ಬಹುಕಾಲವಾದ ಮೇಲೆಯೂ ನಾನು ಕಲಿಸಿದ್ದು ಆ ಹಳೆಯ ಪದ್ಧತಿಯನ್ನೇ.

ಇದರಲ್ಲಿ ನನಗೆ ಹೆಚ್ಚು ನಾಚಿಕೆಯಾದ ಸಂಗತಿ ಇನ್ನೊಂದು. ಸಂಭಾಷಣೆಯಿಂದ ಕಲಿಸುವುದು ಪಾಶ್ಚಾತ್ಯರ ಹೊಸ ವೇಷವೆಂದು ನಾನು ತಿಳಿದಿದ್ದೆನು. ಆದರೆ ಹನ್ನೆರಡನೆಯ ಶತಮಾನದಲ್ಲಿಯೇ ಕಾಶಿಯ ದಾಮೋದರ ಪಂಡಿತನು ತನ್ನ ‘ಉಕ್ತಿವ್ಯಕ್ತಿಪ್ರಕರಣ’ದಲ್ಲಿ ಜನರ ಆಡುಮಾತನ್ನು ಮುಂದಿಟ್ಟು ಅದರ ಮೂಲಕ ಸಂಸ್ಕೃತವನ್ನು ಬೋಧಿಸಿದ್ದನು. ನಾನು ಬಾಲ್ಯದಲ್ಲಿ ಓದಿದ ‘ಲಘುಸಿದ್ಧಾಂತಕೌಮುದಿ’ಯನ್ನು ಸಂಗ್ರಹಿಸಿದ ವರದರಾಜನ ಹೆಸರಿನಲ್ಲಿಯೇ ‘ಗೀರ್ವಾಣಪದಮಂಜರಿ’ ಎಂಬ ಸಂಸ್ಕೃತ ಸಂಭಾಷಣೆಯ ಪುಸ್ತಕವುಂಟು. ಸೂತ್ರಗಳನ್ನು ಸುಲಭಗೊಳಿಸಿದ ಆಚಾರ್ಯನಿಗೆ ದಿನಬಳಕೆಯ ಮಾತು ಕೀಳೆಂದು ತೋರಲಿಲ್ಲ. ತೋರಿದ್ದು ನನ್ನಂಥ ಶಿಷ್ಯರಿಗೆ.

ವ್ಯಾಕರಣವನ್ನು ಬಿಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಬೆಲೋ ಎರಡನ್ನೂ ಬರೆದನು. ವರದರಾಜನ ಹೆಸರಿನಲ್ಲಿ ಎರಡೂ ಉಳಿದಿವೆ. ಈಗ ಕೈಯಲ್ಲಿ ಹಿಡಿಯುವ ದೂರವಾಣಿಯಲ್ಲಿಯೇ ಸಂಭಾಷಣೆಯ ಪಾಠಗಳು ಬೇಕಾದಷ್ಟು ದೊರೆಯುತ್ತವೆ. ಆದರೆ ತಪ್ಪಿದರೆ ನಗದೆ ತಿದ್ದುವ ಇನ್ನೊಬ್ಬರು ಎದುರಿಗಿದ್ದರೆ ಮಾತು ಬೇಗ ಬರುತ್ತದೆ. ಅದನ್ನು ಪ್ರತಿ ಮನೆಯಲ್ಲಿಯೂ ಮಾಡಬಹುದು. ಸಂಜೆಯಲ್ಲಿ ಅರ್ಧ ಗಂಟೆಯ ಹೊತ್ತು ಒಬ್ಬರು ಅಂಗಡಿಯವರಾಗಿ, ಒಬ್ಬರು ಗಿರಾಕಿಯಾಗಿ, ಒಬ್ಬರು ವೈದ್ಯರಾಗಿ ಮಾತನಾಡಿದರೆ ಸಾಕು.

ನಮ್ಮ ಬೀದಿಯ ನಾಲ್ಕಾರು ಮಕ್ಕಳು ಈಗ ಸಂಜೆ ನಮ್ಮ ಜಗಲಿಗೆ ಬರುತ್ತಾರೆ. ಆ ಹಳೆಯ ವಿದ್ಯಾರ್ಥಿಯು ಊರಿಗೆ ಬಂದಾಗಲೆಲ್ಲ ತಾನೂ ಬಂದು ಕುಳಿತು ಅವರ ತಪ್ಪುಗಳನ್ನೂ ನನ್ನವನ್ನೂ ತಿದ್ದುತ್ತಾನೆ. ಅವನು ಮೇಲಧಿಕಾರಿಯಾಗುತ್ತಾನೆ, ಮಕ್ಕಳು ಒಬ್ಬೊಬ್ಬರಾಗಿ ಅವನ ಮುಂದೆ ನಿಲ್ಲುತ್ತಾರೆ. ನಮ್ಮಲ್ಲಿ ಮೊದಲನೆಯ ದಿನದ ಪಾಠ ರಜ ಕೇಳುವುದು.