ಬೀಳುವ ಕಲ್ಲು ಮತ್ತು ಭಾಸ್ಕರಾಚಾರ್ಯ

ಮುಡಬಿಗೆ ಹತ್ತಿರದ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲೇ, 1150ರಲ್ಲಿ, ಭಾಸ್ಕರಾಚಾರ್ಯ ‘ಸಿದ್ಧಾಂತಶಿರೋಮಣಿ’ ಬರೆದ. ಅವನ ಊರು ವಿಜ್ಜಲವಿಡ ನಮ್ಮ ವಿಜಯಪುರವೇ, ಮಹಾರಾಷ್ಟ್ರದ್ದೇ ಎಂಬ ಜಗಳ ಇನ್ನೂ ಮುಗಿದಿಲ್ಲ, ಅದಿರಲಿ.

ಆಧಾರವಿಲ್ಲದ ಭೂಮಿ ಕೆಳಗೆ ಬೀಳುವುದಿಲ್ಲವೇಕೆ? ಗೋಲಾಧ್ಯಾಯದಲ್ಲಿ ಭಾಸ್ಕರ ಕೊಡುವ ಉತ್ತರವಿದು: ಭೂಮಿಗೆ ಸೆಳೆಯುವ ಶಕ್ತಿಯಿದೆ. ಭಾರವಾದ ವಸ್ತುವನ್ನು ಅದು ತನ್ನತ್ತ ಎಳೆದುಕೊಳ್ಳುತ್ತದೆ. ನಮಗದು ಬಿದ್ದಂತೆ ಕಾಣುತ್ತದೆ. ಸುತ್ತಲೂ ಆಕಾಶ ಸಮನಾಗಿರುವಾಗ ಭೂಮಿಯಾದರೂ ಎತ್ತ ಬೀಳಬೇಕು?

ಇಷ್ಟಕ್ಕೇ ‘ನ್ಯೂಟನ್‌ಗಿಂತ ಮೊದಲೇ’ ಎಂದು ಎದೆ ತಟ್ಟಿಕೊಳ್ಳುವವರು ಒಂದು ಲೆಕ್ಕ ಮಾಡಿ ನೋಡಲಿ. ಬಾವಿಗೆ ಬಿಟ್ಟ ಕಲ್ಲು 2 ಸೆಕೆಂಡಿನಲ್ಲಿ ನೀರು ಮುಟ್ಟಿತು. ಆಳವೆಷ್ಟು? ಗಾಳಿಯ ತಡೆ ಬಿಟ್ಟರೆ, ಕಲ್ಲಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತದೆ. ಮೊದಲು ಸೊನ್ನೆ, ಕೊನೆಗೆ 19.6, ಸರಾಸರಿ 9.8. ಎರಡರಿಂದ ಗುಣಿಸಿದರೆ ಆಳ 19.6 ಮೀಟರ್. ಸೆಳೆತವಿದೆ ಎಂದಷ್ಟೇ ಬಲ್ಲವನಿಗೆ ಈ ಉತ್ತರ ಸಿಗದು. ವೇಗ ಏರುವ ಬಗೆ ಗೊತ್ತಿರಬೇಕು. ಗೆಲಿಲಿಯೋ ಇಳಿಜಾರು ಹಲಗೆಯಲ್ಲಿ ಗುಂಡು ಉರುಳಿಸಿ, ಅಷ್ಟರಲ್ಲಿ ಸೋರಿದ ನೀರನ್ನು ತೂಗಿ ಕಾಲ ಅಳೆದು, ಅದನ್ನು 1638ರಲ್ಲಿ ಪ್ರಕಟಿಸಿದ. ಬಲವನ್ನೂ ವೇಗದ ಏರಿಕೆಯನ್ನೂ ನ್ಯೂಟನ್ ಒಂದು ನಿಯಮಕ್ಕೆ ಕಟ್ಟಿದ್ದು 1687ರಲ್ಲಿ.

ಸೋಜಿಗವೆಂದರೆ, ಅದೇ ಗ್ರಂಥದಲ್ಲಿ ಭಾಸ್ಕರ ಗ್ರಹಗಳ ‘ತಾತ್ಕಾಲಿಕ ಗತಿ’ಯನ್ನು, ಅಂದರೆ ಆ ಕ್ಷಣದ ವೇಗವನ್ನು, ಲೆಕ್ಕ ಹಾಕಿದ್ದಾನೆ. ಚಂದ್ರನಿಗೆ ಹಚ್ಚಿದ ಆ ಗಣಿತವನ್ನು ಬೀಳುವ ಕಲ್ಲಿಗೆ ಹಚ್ಚಲಿಲ್ಲ.