ಅಪಘಾತದ ಪರಿಹಾರಕ್ಕೂ ಒಂದು ವಾಯಿದೆ

ಪ್ರಾಮಿಸರಿ ನೋಟಿಗೆ ಮೂರು ವರ್ಷ ತುಂಬಿದರೆ ವಸೂಲಿಗೆ ತೊಡಕಾಗುತ್ತದೆ ಎಂಬುದು ಹಳ್ಳಿಯ ಲೇವಾದೇವಿಗಾರನಿಗೂ ಗೊತ್ತು. ಆದರೆ ಲಾರಿ ಬಡಿದು ಕಾಲು ಕಳೆದುಕೊಂಡವನ ಪರಿಹಾರಕ್ಕೂ ಇಂಥದೇ ವಾಯಿದೆ ಇರಬಹುದೆಂದು ಬಲ್ಲವರು ಕಡಿಮೆ. ನಮ್ಮ ದೇಶದಲ್ಲಿ ಈ ವಾಯಿದೆ ಬಂದು, ಹೋಗಿ, ಮತ್ತೆ ಬಂದ ಕಥೆ ಕುತೂಹಲಕರವಾಗಿದೆ.

ಮೊದಲು ಅಪಘಾತದ ಪರಿಹಾರಕ್ಕೆ ಸಿವಿಲ್ ಕೋರ್ಟೇ ಗತಿ. ಸತ್ತವರ ಅವಲಂಬಿತರಿಗೆ ದಾವೆ ಹೂಡುವ ಹಕ್ಕು ಕೊಟ್ಟದ್ದು 1855ರ ಕಾಯ್ದೆ. ಆದರೆ ಕೋರ್ಟು ಶುಲ್ಕ ತೆತ್ತು ವರ್ಷಗಟ್ಟಲೆ ಅಲೆಯುವುದು ಬಡವರಿಗೆ ಸಾಧ್ಯವಿರಲಿಲ್ಲ. ಆದ್ದರಿಂದ 1939ರ ಮೋಟಾರು ವಾಹನ ಕಾಯ್ದೆಗೆ 1956ರಲ್ಲಿ ತಿದ್ದುಪಡಿ ತಂದು, ಪರಿಹಾರ ನ್ಯಾಯಮಂಡಳಿಗಳಿಗೆ ಅವಕಾಶ ಮಾಡಲಾಯಿತು. ದಾರಿಯೇನೋ ಸುಲಭವಾಯಿತು, ಜೊತೆಗೆ ಗಡುವೂ ಬಂತು. ಅಪಘಾತವಾದ ಅರವತ್ತು ದಿನಗಳೊಳಗೆ ಅರ್ಜಿ ಹಾಕಬೇಕಿತ್ತು. 1969ರ ತಿದ್ದುಪಡಿ ಅದನ್ನು ಆರು ತಿಂಗಳಿಗೆ ಏರಿಸಿತು.

ಗಡುವಿಗೂ ಕಾರಣವಿದೆ. ದಿನ ಕಳೆದಂತೆ ಸಾಕ್ಷಿಗಳ ನೆನಪು ಮಾಸುತ್ತದೆ, ದಾಖಲೆಗಳು ಕಾಣೆಯಾಗುತ್ತವೆ. ವಾಹನದ ಮಾಲೀಕನ ತಲೆಯ ಮೇಲೆ ದಾವೆಯ ಕತ್ತಿ ಎಂದೆಂದಿಗೂ ತೂಗುತ್ತಿರಬಾರದು. ಇದು ನ್ಯಾಯವಾದ ಮಾತೇ. ಆದರೆ ಈ ವಾಯಿದೆಯ ಎಣಿಕೆ ಶುರುವಾಗುವುದು ಅಪಘಾತದ ದಿನದಿಂದ. ಗಾಯಾಳು ಆಸ್ಪತ್ರೆಯ ಹಾಸಿಗೆಯಲ್ಲಿ, ಮನೆಯವರು ಔಷಧದ ಖರ್ಚಿಗಾಗಿ ಓಡಾಟದಲ್ಲಿ. ಕ್ಯಾಲೆಂಡರ್ ನೋಡಲು ಯಾರಿಗೂ ಪುರುಸೊತ್ತಿಲ್ಲದ ಕಾಲವದು.

1988ರ ಹೊಸ ಕಾಯ್ದೆಯೂ ಆರು ತಿಂಗಳನ್ನೇ ಉಳಿಸಿಕೊಂಡಿತು. ತಕ್ಕ ಕಾರಣವಿದ್ದರೆ ಹನ್ನೆರಡು ತಿಂಗಳವರೆಗೆ ವಿಳಂಬವನ್ನು ಮನ್ನಿಸಬಹುದಿತ್ತು. ಆಮೇಲೆ ನ್ಯಾಯಮಂಡಳಿಯ ಕೈ ಕಟ್ಟಿಹೋಗುತ್ತಿತ್ತು. 1990ರ ಡಿಸೆಂಬರಿನಲ್ಲಿ ನಡೆದ ಒಂದು ಅಪಘಾತದ ಅರ್ಜಿ ಆ ಒಂದು ವರ್ಷವನ್ನು ಕೆಲವೇ ದಿನ ಮೀರಿದ್ದರಿಂದ ತಿರಸ್ಕೃತವಾಯಿತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪುವಷ್ಟರಲ್ಲಿ ಕಾನೂನೇ ಬದಲಾಗಿತ್ತು. 1994ರ ನವೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಸಂಸತ್ತು ಈ ಕಾಲಮಿತಿಯನ್ನು ತೆಗೆದುಹಾಕಿತ್ತು. ಇತ್ಯರ್ಥವಾಗದೆ ಉಳಿದಿದ್ದ ಪ್ರಕರಣಗಳಿಗೂ ಅದರ ಫಲ ಸಲ್ಲಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮುಂದಿನ ಇಪ್ಪತ್ತೇಳು ವರ್ಷ ಕಾಯ್ದೆಯಲ್ಲಿ ಈ ಗಡುವು ಇರಲಿಲ್ಲ. 2019ರ ತಿದ್ದುಪಡಿ ಆರು ತಿಂಗಳ ಮಿತಿಯನ್ನು ಮರಳಿ ತಂದಿತು. ಅದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈ ಸಲ ವಿಳಂಬ ಮನ್ನಿಸುವ ಮಾತೂ ಆ ಉಪವಿಧಿಯಲ್ಲಿ ಇರಲಿಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ, ಆರು ತಿಂಗಳು ಮೀರಿತೆಂಬ ಕಾರಣಕ್ಕೆ ಸದ್ಯಕ್ಕೆ ಪರಿಹಾರದ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿತು.

ಅರವತ್ತು ದಿನವೋ, ಆರು ತಿಂಗಳೋ, ಮಿತಿಯೇ ಇಲ್ಲವೋ ಎಂಬ ಈ ಹಗ್ಗಜಗ್ಗಾಟ ಬರೀ ಲೆಕ್ಕದ ವಿಷಯವಲ್ಲ. ಮನೆಯ ದುಡಿಯುವ ಕೈಯನ್ನೇ ಕಳೆದುಕೊಂಡವರಿಗೆ ಅಳು ನಿಲ್ಲಿಸಿ ವಕೀಲರ ಮನೆ ಹುಡುಕಲು ಎಷ್ಟು ದಿನ ಬೇಕು ಎಂಬುದೇ ಅದರೊಳಗಿನ ಪ್ರಶ್ನೆ.